ದುಡ್ಡಿನ ದಾರಿ ಕಟ್ಟಿದಾಗ

2025ರ ಏಪ್ರಿಲ್ 12, ಎರಡನೆಯ ಶನಿವಾರ. ಮಧ್ಯಾಹ್ನ ಒಂದು ಗಂಟೆಯ ಸುಮಾರು. ಬೆಂಗಳೂರಿನಲ್ಲಿ ನಾನು ದಿನವೂ ಊಟಕ್ಕೆ ಹೋಗುವ ಮೆಸ್ಸಿನಲ್ಲಿ ಎಂದಿನಂತೆ ಜನ ತುಂಬಿದ್ದರು. ಊಟ ಮುಗಿಸಿ, ಕೈ ತೊಳೆದು, ಗಲ್ಲಾದ ಮುಂದೆ ಸಾಲಾಗಿ ನಿಂತವರೆಲ್ಲ ಮೊಬೈಲು ಹಿಡಿದು ಪರದಾಡುತ್ತಿದ್ದರು. ಪರದೆಯ ಮೇಲೆ ಚಕ್ರ ತಿರುಗುತ್ತಿತ್ತು, ತಿರುಗುತ್ತಲೇ ಇತ್ತು. ನಿಮಿಷಕ್ಕೊಮ್ಮೆ ಇಷ್ಟು ರೂಪಾಯಿ ಬಂತೆಂದು ಕೂಗಿ ಹೇಳುತ್ತಿದ್ದ ಗಲ್ಲಾದ ಮೇಲಿನ ಪೆಟ್ಟಿಗೆ ಅಂದು ಬಾಯಿಗೆ ಬೀಗ ಹಾಕಿಕೊಂಡಿತ್ತು.

ನನ್ನ ಸರದಿ ಬಂದಾಗ ಮಾಲೀಕರು ಮೊಳೆಗೆ ನೇತುಹಾಕಿದ್ದ ಉದ್ದನೆಯ ಪುಸ್ತಕವೊಂದನ್ನು ತೆಗೆದರು. "ನಿಮ್ದು ಬಿಡಿ, ನಾಳೆ ಕೊಡೋರಂತೆ" ಎಂದು ತೊಂಬತ್ತು ರೂಪಾಯಿ ಬರೆದುಕೊಂಡರು. ನನ್ನ ಹಿಂದೆ ನಿಂತಿದ್ದವನು ಇಪ್ಪತ್ತು ದಾಟಿರದ ಹುಡುಗ. ಒಡಿಶಾ ಕಡೆಯವನು, ಹತ್ತಿರದ ಕಟ್ಟಡದ ಕೆಲಸಕ್ಕೆ ಬಂದು ನಾಲ್ಕು ದಿನವಾಗಿತ್ತಂತೆ. ಖಾತೆಯಲ್ಲಿ ಹಣವಿದೆ, ಜೇಬಿನಲ್ಲಿ ಕಾಸಿಲ್ಲ. ಮಾಲೀಕರ ಕೈಯ ಪೆನ್ನು ಅಲ್ಲಿಗೇ ನಿಂತಿತು. ಯಾರು ಇವನು, ಎಲ್ಲಿಯವನು, ನಾಳೆ ಬರುವನೋ ಇಲ್ಲವೋ? ಹುಡುಗ ತನ್ನ ಚೀಲವನ್ನು ಗಲ್ಲಾದ ಮೇಲಿಟ್ಟು, ಯಾರಿಂದಲಾದರೂ ಕಾಸು ತರುತ್ತೇನೆಂದು ಹರಕು ಮುರುಕು ಕನ್ನಡದಲ್ಲಿ ಹೇಳಿ ಹೊರಟ. ಆಗ ಮೂಲೆಯ ಮೇಜಿನಲ್ಲಿ ಮಜ್ಜಿಗೆ ಕುಡಿಯುತ್ತಿದ್ದ ಹಿರಿಯರೊಬ್ಬರು, ರೈಲ್ವೆಯಿಂದ ನಿವೃತ್ತರಾದವರು, ಕೂತಲ್ಲಿಂದಲೇ ಹೇಳಿದರು: "ಹೋಗ್ಲಿ ಬಿಡಪ್ಪ, ನನ್ನ ಹೆಸರಿಗೆ ಬರ್ಕೊ. ಚೀಲ ಕೊಟ್ಟು ಕಳ್ಸು."

ಅಂದು ಕೆಟ್ಟದ್ದು ನಮ್ಮ ಮೊಬೈಲಲ್ಲ, ನಮ್ಮ ಬ್ಯಾಂಕೂ ಅಲ್ಲ. ಇಡೀ ದೇಶದ ಯುಪಿಐ ವ್ಯವಸ್ಥೆಯೇ ಕೆಲವು ಗಂಟೆಗಳ ಕಾಲ ಕುಂಟಿತ್ತು. ಅದಕ್ಕೆ ಎರಡು ವಾರ ಮೊದಲು, ಮಾರ್ಚ್ 26ರ ಸಂಜೆಯೂ ಹೀಗೇ ಆಗಿತ್ತು. ಕೆಲವೇ ಗಂಟೆಗಳ ತೊಂದರೆ, ನಿಜ. ಆದರೆ ಆ ಹೊತ್ತಿನಲ್ಲಿ ಗಲ್ಲಾದ ಮುಂದೆ ನಡೆದದ್ದು ಹೊಸದೇನಲ್ಲ. ದುಡ್ಡು ಸಾಗುವ ದಾರಿ ಕಟ್ಟಿಹೋದಾಗಲೆಲ್ಲ ಮನುಷ್ಯರು ಮಾಡಿಕೊಂಡು ಬಂದದ್ದು ಅದನ್ನೇ. ಬರೆದಿಡು, ಜಾಮೀನು ಕೇಳು, ಗುರುತಿದ್ದವನನ್ನು ನಂಬು. ಗುರುತಿಲ್ಲದವನ ಗತಿಯೇನು ಎಂಬ ಪ್ರಶ್ನೆಯೂ ಅಷ್ಟೇ ಹಳೆಯದು.

ಸಾಗುವುದು ಹಣವಲ್ಲ, ಸಂದೇಶ

ಯುಪಿಐ ಪ್ರಾಯೋಗಿಕವಾಗಿ ಆರಂಭವಾದದ್ದು 2016ರ ಏಪ್ರಿಲ್ 11ರಂದು. ಹತ್ತು ವರ್ಷಗಳೊಳಗೆ ಅದು ಎಷ್ಟು ಬೆಳೆಯಿತೆಂದರೆ 2025ರ ಆಗಸ್ಟ್ ತಿಂಗಳೊಂದರಲ್ಲೇ ಎರಡು ಸಾವಿರ ಕೋಟಿಗೂ ಹೆಚ್ಚು ವಹಿವಾಟುಗಳು ಅದರ ಮೂಲಕ ನಡೆದವು. ಸೊಪ್ಪು ಮಾರುವ ಅಜ್ಜಿಯ ಬುಟ್ಟಿಗೂ ಕ್ಯೂಆರ್ ಕೋಡಿನ ಕಾಗದ ಅಂಟಿಕೊಂಡಿತು. ಹಾಗಾಗಿ ಇದು ನಿಂತರೆ ಏನಾಗುತ್ತದೆ ಎಂದು ತಿಳಿಯಲು ಇದು ನಡೆಯುವುದು ಹೇಗೆ ಎಂದು ಮೊದಲು ನೋಡಬೇಕು.

ನಾವು ಕೋಡನ್ನು ಸ್ಕ್ಯಾನ್ ಮಾಡಿ, ಮೊತ್ತ ಬರೆದು, ಗುಪ್ತಸಂಖ್ಯೆ ಒತ್ತಿದಾಗ ಹಣ ಒಮ್ಮೆಲೇ ಹಾರಿಹೋಗಿ ಅಂಗಡಿಯವನ ಖಾತೆಗೆ ಬೀಳುವುದಿಲ್ಲ. ಹೋಗುವುದು ಒಂದು ಸಂದೇಶ. ಅದು ನಮ್ಮ ಆ್ಯಪ್‌ನಿಂದ ಹೊರಟು ಎನ್‌ಪಿಸಿಐ ಎಂದು ಕರೆಯುವ ರಾಷ್ಟ್ರೀಯ ಪಾವತಿ ನಿಗಮದ ಯಂತ್ರಗಳಿಗೆ ಹೋಗುತ್ತದೆ. ನಿಗಮ ನಮ್ಮ ಬ್ಯಾಂಕಿಗೆ 'ಇಷ್ಟು ಕಳೆ' ಎನ್ನುತ್ತದೆ. ಅಂಗಡಿಯವನ ಬ್ಯಾಂಕಿಗೆ 'ಇಷ್ಟು ಕೂಡಿಸು' ಎನ್ನುತ್ತದೆ. ಇಬ್ಬರೂ ಹೂಂಗುಟ್ಟಿದ ಮೇಲೆ ನಮಗೆ ಹಸಿರು ಗುರುತು ಕಾಣಿಸುತ್ತದೆ. ಬ್ಯಾಂಕು ಬ್ಯಾಂಕುಗಳ ನಡುವಿನ ನಿಜವಾದ ಲೆಕ್ಕ ತೀರುವಳಿ ಆಮೇಲೆ, ಒಟ್ಟೊಟ್ಟಾಗಿ ನಡೆಯುತ್ತದೆ. ಈ ಸರಪಳಿಯಲ್ಲಿ ಎರಡು ಆ್ಯಪ್, ಎರಡು ಬ್ಯಾಂಕು, ನಡುವೆ ಒಂದು ನಿಗಮ ಎಂದು ಐದು ಕೊಂಡಿಗಳಿವೆ. ಯಾವ ಕೊಂಡಿ ಕಳಚಿದರೂ ನಮಗೆ ಕಾಣುವುದು ಅದೇ ತಿರುಗುವ ಚಕ್ರ.

ಏಪ್ರಿಲ್ 12ರ ತೊಂದರೆಗೆ ನಿಗಮ ಕಂಡುಕೊಂಡ ಕಾರಣ ಮಾತ್ರ ವಿಚಿತ್ರವಾಗಿದೆ. 'ಆ ವಹಿವಾಟು ಏನಾಯಿತು?' ಎಂದು ವಿಚಾರಿಸುವ ಸಂದೇಶಗಳು ಕೆಲವು ಬ್ಯಾಂಕುಗಳ ಕಡೆಯಿಂದ ಮಿತಿಮೀರಿ ಬಂದು, ಅವುಗಳ ಭಾರಕ್ಕೇ ವ್ಯವಸ್ಥೆ ಸೋತಿತಂತೆ. ಕಚೇರಿಯ ಕಿಟಕಿಯಲ್ಲಿ ಇರುವವನು ಒಬ್ಬನೇ ಗುಮಾಸ್ತ. ಸಾಲಿನಲ್ಲಿದ್ದವರೆಲ್ಲ 'ನಮ್ಮ ಅರ್ಜಿ ಏನಾಯಿತು, ನಮ್ಮ ಅರ್ಜಿ ಏನಾಯಿತು' ಎಂದು ಕ್ಷಣಕ್ಕೊಮ್ಮೆ ಕೇಳಿದರೆ ಅವನು ಅರ್ಜಿ ನೋಡುವುದಾದರೂ ಯಾವಾಗ? ಆ ಬಳಿಕ, 2025ರ ಆಗಸ್ಟ್ ಒಂದರಿಂದ ಇಂಥ ವಿಚಾರಣೆಗಳಿಗೆ ನಿಗಮ ಮಿತಿ ಹಾಕಿತು.

ಕಳುಹಿಸಿದ ಹಣ ತಲುಪಿತೋ ಇಲ್ಲವೋ ಎಂಬ ಕಳವಳ ಎಷ್ಟು ದೊಡ್ಡದೆಂದು ಇದರಿಂದ ತಿಳಿಯುತ್ತದೆ. ಈ ಕಳವಳಕ್ಕೆ ನಮ್ಮ ಹಿರಿಯರು ಕಂಡುಕೊಂಡ ಉತ್ತರಗಳು ಕುತೂಹಲಕರವಾಗಿವೆ.

ಕಳೆದುಹೋದ ಹುಂಡಿ

ಹುಂಡಿ ಎಂದೊಡನೆ ಇಂದು ನಮಗೆ ನೆನಪಾಗುವುದು ದೇವಸ್ಥಾನದ ಕಾಣಿಕೆ ಪೆಟ್ಟಿಗೆ. ವರ್ತಕರ ಹುಂಡಿ ಬೇರೆ. ಅದು ಒಂದು ಊರಿನ ಸಾಹುಕಾರ ಇನ್ನೊಂದು ಊರಿನ ಸಾಹುಕಾರನಿಗೆ, 'ಈ ಕಾಗದ ತಂದವರಿಗೆ ಇಷ್ಟು ಹಣ ಕೊಡಿ' ಎಂದು ಬರೆದುಕೊಡುತ್ತಿದ್ದ ಪತ್ರ. ಕಳ್ಳಕಾಕರ ದಾರಿಯಲ್ಲಿ ಬೆಳ್ಳಿ ನಾಣ್ಯಗಳ ಗಂಟು ಹೊತ್ತೊಯ್ಯುವ ಬದಲು ವ್ಯಾಪಾರಿ ಒಂದು ತುಂಡು ಕಾಗದ ಒಯ್ಯುತ್ತಿದ್ದ. 17ನೇ ಶತಮಾನದಲ್ಲಿ ಭಾರತಕ್ಕೆ ಬಂದ ಫ್ರೆಂಚ್ ರತ್ನವ್ಯಾಪಾರಿ ತಾವೆರ್ನಿಯೆ ಈ ಏರ್ಪಾಟನ್ನೂ, ಸೂರತ್ತಿನಲ್ಲಿ ಬೇರೆ ಬೇರೆ ಊರುಗಳ ಹುಂಡಿಗೆ ನಡೆಯುತ್ತಿದ್ದ ದರಗಳನ್ನೂ ವಿವರವಾಗಿ ಬರೆದಿಟ್ಟಿದ್ದಾನೆ. ಅಲ್ಲಿಯೂ ಸಾಗುತ್ತಿದ್ದದ್ದು ಸಂದೇಶವೇ. ಹಣದ ಲೆಕ್ಕ ಸಾಹುಕಾರರ ವಹಿಗಳಲ್ಲಿ ಆಮೇಲೆ ತೀರುತ್ತಿತ್ತು.

ಆ ಕಾಗದ ದಾರಿಯಲ್ಲಿ ಕಳೆದುಹೋದರೆ? ಅದಕ್ಕೂ ಕ್ರಮವಿತ್ತು. ಬರೆದುಕೊಟ್ಟವನು ಇನ್ನೊಂದು ಪ್ರತಿ ಕೊಡುತ್ತಿದ್ದ. ಅದರ ಹೆಸರು 'ಪೈಠ್'. ಅದೂ ಕಳೆದರೆ 'ಪರಪೈಠ್' ಎಂಬ ಮೂರನೆಯ ಪ್ರತಿ. ಹಿಂದಿನ ಕಾಗದಕ್ಕೆ ಹಣ ಕೊಟ್ಟಿರದಿದ್ದರೆ ಮಾತ್ರ ಇದಕ್ಕೆ ಕೊಡಬೇಕೆಂಬ ಷರತ್ತು ಪ್ರತಿಯೊಂದರಲ್ಲೂ ಇರುತ್ತಿತ್ತು. ಒಂದೇ ಬಾಕಿಗೆ ಎರಡು ಸಲ ಹಣ ಹೋಗಬಾರದು ಎಂಬ ಎಚ್ಚರ ಅದು. ಚಕ್ರ ತಿರುಗುತ್ತಿರುವಾಗಲೇ ಗಾಬರಿಯಿಂದ ಮತ್ತೊಮ್ಮೆ ಸ್ಕ್ಯಾನ್ ಮಾಡಿ ಎರಡೆರಡು ಸಲ ಹಣ ಕಳೆದುಕೊಂಡವರಿಗೆ ಈ ಷರತ್ತಿನ ಬೆಲೆ ಗೊತ್ತು.

ಕಾಗದ ತಲುಪಿತು, ಆದರೆ ಆ ಊರಿನ ಸಾಹುಕಾರ ಹಣ ಕೊಡಲು ಒಪ್ಪಲಿಲ್ಲ ಎನ್ನೋಣ. ಪರಊರಿಗೆ ಬಂದ ವ್ಯಾಪಾರಿ ಯಾರನ್ನು ಕೇಳಬೇಕು? ಇದಕ್ಕಾಗಿ 'ಜಿಕ್ರಿ ಚೀಟಿ' ಎಂಬುದಿತ್ತು. ಹುಂಡಿ ಬರೆದವನೋ, ಅದನ್ನು ಕೈದಾಟಿಸಿದವನೋ ಅದೇ ಊರಿನ ತನ್ನ ಪರಿಚಯದವರೊಬ್ಬರಿಗೆ ಮೊದಲೇ ಒಂದು ಚೀಟಿ ಬರೆದುಕೊಟ್ಟಿರುತ್ತಿದ್ದ: ಹುಂಡಿ ನಡೆಯದಿದ್ದರೆ ನನ್ನ ಪರವಾಗಿ ನೀವು ನಡೆಸಿಕೊಡಿ. ಹಣ ಸಿಗದೆ ಹಿಂದಿರುಗಿದ ಹುಂಡಿಗೆ ಬಡ್ಡಿಯೊಂದಿಗೆ ನಷ್ಟ ತುಂಬಿಕೊಡುವ ವಾಡಿಕೆಯೂ ಇತ್ತು. ಬ್ರಿಟಿಷ್ ಸರಕಾರ 1881ರಲ್ಲಿ ಚೆಕ್ಕು, ಪ್ರಾಮಿಸರಿ ನೋಟುಗಳಿಗೆ ಕಾನೂನು ತಂದಾಗ, ದೇಶಭಾಷೆಗಳ ಇಂಥ ಪತ್ರಗಳಿಗೆ ಸಂಬಂಧಿಸಿದ ಸ್ಥಳೀಯ ರೂಢಿಗಳಿಗೆ ಧಕ್ಕೆಯಿಲ್ಲವೆಂದು ಆ ಕಾನೂನಿನ ಮೊದಲ ಕಲಮಿನಲ್ಲೇ ಬರೆಯಬೇಕಾಯಿತು. ರೂಢಿ ಅಷ್ಟು ಗಟ್ಟಿಯಾಗಿತ್ತು.

ಮೆಸ್ಸಿನ ಮೂಲೆಯಲ್ಲಿ ಮಜ್ಜಿಗೆ ಕುಡಿಯುತ್ತಿದ್ದ ಹಿರಿಯರು ಮಾಡಿದ್ದು ಜಿಕ್ರಿ ಚೀಟಿಯ ಕೆಲಸವನ್ನೇ. ವ್ಯತ್ಯಾಸವೆಂದರೆ ಅವರಿಗೆ ಯಾರೂ ಮೊದಲೇ ಚೀಟಿ ಬರೆದಿರಲಿಲ್ಲ. ಹುಂಡಿಯ ವರ್ತಕನಿಗೆ ಊರೂರಲ್ಲೂ ತನ್ನವರಿದ್ದರು. ಕೂಲಿಗೆ ಬಂದವನಿಗೆ ಯಾರಿದ್ದಾರೆ?

ಅಂಚೆಯವನು ತಂದ ಸಹಿ

ಕೂಲಿಕಾರನ ಹಣಕ್ಕೆ ದಾರಿಯಾದದ್ದು ಅಂಚೆ ಇಲಾಖೆಯ ಮನಿಯಾರ್ಡರು. 1880ರ ಜನವರಿ ಒಂದರಿಂದ ದೇಶದ ಅಂಚೆ ಕಚೇರಿಗಳಲ್ಲಿ ಅದು ಶುರುವಾಯಿತು. ಮುಂಬಯಿಯ ಹೋಟೆಲುಗಳಲ್ಲಿ ತಟ್ಟೆ ಲೋಟ ತೊಳೆದ ದಕ್ಷಿಣ ಕನ್ನಡದ ಹುಡುಗರು ಊರಿನ ತಾಯಿಗೆ ಹಣ ಕಳುಹಿಸುತ್ತಿದ್ದದ್ದು ಈ ದಾರಿಯಲ್ಲಿಯೇ. ಇದಕ್ಕೆ ಸಾಹುಕಾರನ ಪರಿಚಯ ಬೇಡ, ಬ್ಯಾಂಕಿನ ಖಾತೆ ಬೇಡ. ವಿಳಾಸ ಗೊತ್ತಿದ್ದರೆ ಸಾಕು.

ಹಣ ತಲುಪಿದ ಸುದ್ದಿ ಬರುವುದಕ್ಕೂ ಅದರಲ್ಲೇ ಏರ್ಪಾಟಿತ್ತು. ಹಣ ಪಡೆದವರು ಫಾರಮಿನ ಒಂದು ಭಾಗದಲ್ಲಿ ಸಹಿ ಹಾಕಬೇಕು. ಓದುಬರಹ ಬಾರದವರಾದರೆ ಹೆಬ್ಬೆಟ್ಟು ಒತ್ತಬೇಕು. ಆ ಚೀಟಿ ಮತ್ತೆ ಅಂಚೆಯಲ್ಲೇ ಕಳುಹಿಸಿದವನಿಗೆ ಬರುತ್ತಿತ್ತು. ಹೋಟೆಲಿನ ಅಟ್ಟದ ಮೇಲೆ ಮಲಗುವ ಹುಡುಗನಿಗೆ ತಾಯಿಯ ನೀಲಿ ಹೆಬ್ಬೆಟ್ಟಿನ ಗುರುತು ಕಂಡರೆ ಅದೇ ರಶೀದಿ, ಅದೇ ಯೋಗಕ್ಷೇಮದ ಸುದ್ದಿ. ಪಡೆಯಬೇಕಾದವರು ಸಿಗದಿದ್ದರೆ ಹಣ ಹಿಂದಕ್ಕೆ ಬರುತ್ತಿತ್ತು. ದಿನಗಳು ಹಿಡಿಯುತ್ತಿದ್ದವು, ಕೆಲವೊಮ್ಮೆ ವಾರಗಳು. ಆದರೆ ತೊಡಕಾದರೆ ಕೇಳಲು ಒಂದು ಕಚೇರಿಯಿತ್ತು, ತೋರಿಸಲು ಮೊಹರು ಬಿದ್ದ ಒಂದು ರಶೀದಿಯಿತ್ತು. ಆ ಹಳೆಯ ಮಾದರಿಯ ಮನಿಯಾರ್ಡರು 2015ರಲ್ಲಿ ನಿಂತಿತು. ಮರುವರ್ಷವೇ ಯುಪಿಐ ಬಂತು.

ಟಿಕೆಟ್ಟಿನ ಹಿಂಬದಿ

ಹಣ ದೂರದೂರಿಗೆ ಹೋಗದಿರುವುದು ಒಂದು ಬಗೆಯ ತೊಂದರೆ. ಎದುರಿಗಿರುವವನಿಗೇ ಕೊಡಲಾಗದಿರುವುದು ಇನ್ನೊಂದು ಬಗೆ. ಚಿಲ್ಲರೆಯ ಬರ ಅಂಥದ್ದು.

ಮೊದಲನೆಯ ಮಹಾಯುದ್ಧದ ಕಾಲಕ್ಕೆ ಬೆಳ್ಳಿ ದುರ್ಲಭವಾಗಿ ರೂಪಾಯಿ ನಾಣ್ಯ ಟಂಕಿಸುವುದೇ ಕಷ್ಟವಾಯಿತು. ಆಗ ಸರಕಾರ 1917ರ ನವೆಂಬರ್ 30ರಂದು ಒಂದು ರೂಪಾಯಿಯ ಕಾಗದದ ನೋಟು ತಂದಿತು. 1918ರ ಜನವರಿಯಲ್ಲಿ ಎರಡು ರೂಪಾಯಿ ಎಂಟಾಣೆಯ ನೋಟು ಕೂಡ ಬಂತು. ಎರಡನೆಯ ಮಹಾಯುದ್ಧದಲ್ಲಿ ತಾಮ್ರಕ್ಕೂ ಬರ ಬಂದು, 1943ರಿಂದ ನಡುವೆ ದುಂಡನೆಯ ತೂತಿರುವ ಒಂದು ಪೈಸೆಯ ನಾಣ್ಯ ಚಲಾವಣೆಗೆ ಬಂತು. ನಮ್ಮ ಅಜ್ಜಿಯರು ದಾರದಲ್ಲಿ ಪೋಣಿಸಿಡುತ್ತಿದ್ದ ತೂತಿನ ಕಾಸು ಇದೇ. ಜುನಾಗಢ, ಮೋರ್ವಿ, ಬಿಕಾನೇರ್ ಮುಂತಾದ ಸಂಸ್ಥಾನಗಳು ಕಾಸು ಆಣೆಗಳ ಬದಲಿಗೆ ರಟ್ಟಿನ ಚಿಕ್ಕ ಕೂಪನ್ನುಗಳನ್ನೇ ಅಚ್ಚು ಹಾಕಿಸಿದವು.

ಯುದ್ಧವಿಲ್ಲದ ಕಾಲದಲ್ಲೂ ಚಿಲ್ಲರೆಯ ಜಗಳ ತಪ್ಪಲಿಲ್ಲ. ಅಂಗಡಿಯವರು ನಾಲ್ಕಾಣೆಯ ಬದಲು ಪೆಪ್ಪರಮೆಂಟು ಕೈಗಿತ್ತರು. ಬಸ್ಸಿನ ಕಂಡಕ್ಟರು ಕಿವಿಯ ಮೇಲಿನ ಪೆನ್ಸಿಲು ತೆಗೆದು ಟಿಕೆಟ್ಟಿನ ಹಿಂಬದಿಯಲ್ಲಿ ಬಾಕಿ ಬರೆದುಕೊಟ್ಟರು. ಯೋಚಿಸಿ ನೋಡಿದರೆ ಅದೊಂದು ಪುಟ್ಟ ಹುಂಡಿಯೇ ಸರಿ. ಕೊಡುವ ಭರವಸೆ ಕಂಡಕ್ಟರನದು. ಇಳಿಯುವ ಮುನ್ನ ಕೇಳಿ ಪಡೆಯುವ ಜವಾಬ್ದಾರಿ ನಮ್ಮದು. ನಮ್ಮ ನಿಲ್ದಾಣ ಬಂದ ಅವಸರದಲ್ಲಿ ಇಳಿದು, ಬಸ್ಸು ಹೊಗೆ ಬಿಟ್ಟು ಹೋದಮೇಲೆ ಟಿಕೆಟ್ಟಿನ ಹಿಂಬದಿ ನೋಡಿಕೊಂಡು ಹಲುಬದವರು ನಮ್ಮಲ್ಲಿ ಯಾರಿದ್ದಾರೆ? ಈಚೆಗೆ ಬಸ್ಸಿನೊಳಗೂ ಕ್ಯೂಆರ್ ಕೋಡು ಬಂದು ಆ ಜಗಳ ತಣ್ಣಗಾಗಿದೆ. ಯುಪಿಐಯನ್ನು ಜನ ಅಷ್ಟು ಬೇಗ ಅಪ್ಪಿಕೊಂಡದ್ದಕ್ಕೆ ಚಿಲ್ಲರೆಯ ಕಾಟ ತಪ್ಪಿದ್ದೂ ಒಂದು ಕಾರಣವೆನ್ನಬೇಕು.

ಆರೂವರೆ ತಿಂಗಳು ಬ್ಯಾಂಕಿಲ್ಲ

ಕೆಲವು ಗಂಟೆ ಯುಪಿಐ ನಿಂತರೆ ನಾವು ಇಷ್ಟು ಕಂಗಾಲಾದೆವು. ಒಂದು ದೇಶದ ಬ್ಯಾಂಕುಗಳೇ ಆರೂವರೆ ತಿಂಗಳು ಬಾಗಿಲು ಹಾಕಿದರೆ? ಐರ್ಲೆಂಡಿನಲ್ಲಿ ಹಾಗೂ ಆಗಿದೆ.

ಬ್ಯಾಂಕ್ ನೌಕರರಿಗೂ ಆಡಳಿತ ವರ್ಗಕ್ಕೂ ಸಂಬಳದ ವಿಚಾರದಲ್ಲಿ ಜಗಳವಾಗಿ ಆ ದೇಶದ ದೊಡ್ಡ ಬ್ಯಾಂಕುಗಳೆಲ್ಲ 1970ರ ಮೇ 1ರಂದು ಮುಚ್ಚಿದವು. ಮತ್ತೆ ತೆರೆದದ್ದು ನವೆಂಬರ್ 17ಕ್ಕೆ. ಆ ದಿನಗಳಲ್ಲಿ ಜನರ ಹಣದ ಬಹುಪಾಲು ಇದ್ದದ್ದು ಆ ಬ್ಯಾಂಕುಗಳಲ್ಲಿಯೇ. ಖಾತೆಯಲ್ಲಿ ಹಣವಿದೆ, ತೆಗೆಯುವ ಹಾಗಿಲ್ಲ. ಚೆಕ್ಕು ಪುಸ್ತಕವಿದೆ, ನಗದಾಗಿಸುವವರಿಲ್ಲ.

ಜನ ಏನು ಮಾಡಿದರು? ಚೆಕ್ಕು ಬರೆಯುವುದನ್ನು ನಿಲ್ಲಿಸಲಿಲ್ಲ. ಸಂಬಳದ ಚೆಕ್ಕನ್ನು ಕೆಲಸಗಾರ ಪಬ್ಬಿನವನಿಗೆ ಕೊಟ್ಟ. ಪಬ್ಬಿನವನು ಅದನ್ನು ಸರಕು ತಂದವನಿಗೆ ದಾಟಿಸಿದ. ಅದು ಕೈಯಿಂದ ಕೈಗೆ ಹೋಗುತ್ತ ನೋಟಿನ ಹಾಗೆ ಚಲಾವಣೆಯಾಯಿತು. ಚೆಕ್ಕು ಪುಸ್ತಕ ಮುಗಿದವರು ಬೇರೆ ಕಾಗದದ ಮೇಲೆಯೇ ಬರೆದುಕೊಟ್ಟರು. ಬರೆದವನ ಖಾತೆಯಲ್ಲಿ ಹಣ ಉಂಟೋ ಇಲ್ಲವೋ ಎಂದು ತಿಳಿಯುವ ಉಪಾಯವೇ ಇರಲಿಲ್ಲ. ಆದರೂ ಚಿಲ್ಲರೆ ವ್ಯಾಪಾರ ಕುಸಿಯಲಿಲ್ಲ. ಬ್ಯಾಂಕುಗಳು ತೆರೆದ ಮೇಲೆ ರಾಶಿ ಬಿದ್ದ ಚೆಕ್ಕುಗಳನ್ನು ವಿಲೇವಾರಿ ಮಾಡಲು ತಿಂಗಳುಗಳೇ ಬೇಕಾದವು.

ಈ ಪ್ರಸಂಗವನ್ನು ಅಭ್ಯಾಸ ಮಾಡಿ 1978ರಲ್ಲಿ ಪ್ರಬಂಧ ಬರೆದವರು ಡಬ್ಲಿನ್ನಿನ ಅರ್ಥಶಾಸ್ತ್ರಜ್ಞ ಆಂಟೊಯಿನ್ ಮರ್ಫಿ. ಅವರ ಪ್ರಕಾರ ಇದರ ಗುಟ್ಟು ಇದ್ದದ್ದು ಅಂಗಡಿ ಮತ್ತು ಪಬ್ಬುಗಳಲ್ಲಿ. ಸುಮಾರು 30 ಲಕ್ಷ ಜನರ ಆ ದೇಶದಲ್ಲಿ ಸುಮಾರು 11 ಸಾವಿರ ಪಬ್ಬುಗಳೂ 12 ಸಾವಿರ ಅಂಗಡಿಗಳೂ ಇದ್ದವು. ವರ್ಷಗಟ್ಟಲೆ ಒಬ್ಬನಿಗೆ ಸಾಮಾನು ಕೊಟ್ಟವನಿಗೆ, ಬಿಯರು ಸುರಿದವನಿಗೆ, ಅವನ ಕೈ ಎಷ್ಟು ಗಟ್ಟಿ ಎಂದು ಬ್ಯಾಂಕಿನ ಮೇನೇಜರನಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ನಮ್ಮ ಊರುಗಳ ದಿನಸಿ ಅಂಗಡಿಯ ಉದ್ರಿ ಪುಸ್ತಕದ ಹಿಂದೆ ಇದ್ದದ್ದೂ ಇದೇ ಅರಿವು. 'ಇಂದು ನಗದು, ನಾಳೆ ಸಾಲ' ಎಂಬ ಫಲಕದ ಕೆಳಗೇ ಕೂತು ಶೆಟ್ಟರು ಗುರುತಿನವರ ಲೆಕ್ಕ ಬರೆಯುತ್ತಿದ್ದರಲ್ಲ!

ಹಾಗೆಂದು ಐರ್ಲೆಂಡಿನ ಕಥೆಯನ್ನು ಬರಿಯ ನಂಬಿಕೆಯ ಗುಣಗಾನವಾಗಿ ಓದಬಾರದು. ಪರಿಚಯವಿದ್ದಲ್ಲಿ ಮಾತ್ರ ಆ ಕಾಗದಕ್ಕೆ ಬೆಲೆ. ನಿನ್ನೆ ಬಂದಿಳಿದವನ ಚೆಕ್ಕನ್ನು ಯಾವ ಪಬ್ಬಿನವನು ತೆಗೆದುಕೊಂಡಾನು? ಇಂದಿನ ಬೆಂಗಳೂರಿನಲ್ಲಿ ಅರ್ಧಕ್ಕರ್ಧ ಗಿರಾಕಿಗಳ ಮುಖವೇ ಅಂಗಡಿಯವನಿಗೆ ನೆನಪಿರುವುದಿಲ್ಲ. ಹಸಿರು ಗುರುತು ಬಂತೋ, ಪೆಟ್ಟಿಗೆ ಕೂಗಿತೋ, ಮುಗಿಯಿತು. ನೀನು ಯಾರು, ಯಾವ ಊರು, ಯಾವ ಜಾತಿ ಎಂದು ಯಾರೂ ಕೇಳುವುದಿಲ್ಲ. ಗಲ್ಲಾದ ಮುಂದೆ ನನ್ನನ್ನೂ ಆ ಒಡಿಶಾದ ಹುಡುಗನನ್ನೂ ಸಮನಾಗಿ ನಿಲ್ಲಿಸಿದ್ದು ಈ ಯಂತ್ರವೇ. ಅದು ದೊಡ್ಡ ಉಪಕಾರ. ಯಂತ್ರ ನಿಂತ ಮರುಕ್ಷಣ ಆ ಸಮಾನತೆಯೂ ಹೋಯಿತು. ನನಗೆ ಪುಸ್ತಕದಲ್ಲಿ ಒಂದು ಸಾಲು ಸಿಕ್ಕಿತು. ಅವನು ಚೀಲ ಅಡವಿಡಬೇಕಾಯಿತು.

ಆ್ಯಪ್ ಬ್ಯಾಂಕಲ್ಲ

ಇನ್ನೊಂದು ಘಟನೆಯನ್ನು ನೆನೆಯಬೇಕು. 2020ರ ಮಾರ್ಚ್ 5ರಂದು ರಿಸರ್ವ್ ಬ್ಯಾಂಕ್ ಯೆಸ್ ಬ್ಯಾಂಕಿನ ಮೇಲೆ ನಿರ್ಬಂಧ ಹೇರಿತು. ಖಾತೆದಾರರು 50 ಸಾವಿರ ರೂಪಾಯಿಗಿಂತ ಹೆಚ್ಚು ತೆಗೆಯುವಂತಿರಲಿಲ್ಲ. ಆ ಬ್ಯಾಂಕಿನಲ್ಲಿ ಖಾತೆಯೇ ಇಲ್ಲದ ಅಸಂಖ್ಯ ಜನರಿಗೂ ಅದರ ಬಿಸಿ ತಟ್ಟಿತು. ಫೋನ್‌ಪೇ ಆ್ಯಪ್ ಯುಪಿಐ ಜೋಡಣೆಗೆ ಅದೇ ಬ್ಯಾಂಕನ್ನು ನೆಚ್ಚಿಕೊಂಡಿತ್ತು. ಹೀಗಾಗಿ ಅದರ ಸೇವೆ ನಿಂತು, ಬೇರೆ ಬ್ಯಾಂಕಿನ ಜೋಡಣೆ ಪಡೆದ ಮೇಲಷ್ಟೇ ಮತ್ತೆ ನಡೆಯಿತು. ನಮ್ಮ ಹಣವಿರುವುದು ನಮ್ಮ ಬ್ಯಾಂಕಿನಲ್ಲಿ. ಆ್ಯಪ್ ಅದಕ್ಕೆ ಹೋಗುವ ಒಂದು ಬಾಗಿಲು ಮಾತ್ರ ಎಂಬುದು ಅಂದು ಹಲವರಿಗೆ ಮೊದಲ ಬಾರಿ ಹೊಳೆಯಿತು. ಬಾಗಿಲು ಮುಚ್ಚಿದರೆ ಮನೆ ಹೋಗಲಿಲ್ಲ. ಇನ್ನೊಂದು ಬಾಗಿಲಿದ್ದರೆ ಒಳ್ಳೆಯದು.

ನಗದೂ ನಿಲ್ಲಬಹುದು. 2016ರ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿ ನೋಟುಗಳು ರದ್ದಾದಾಗ ಚಲಾವಣೆಯಲ್ಲಿದ್ದ ಹಣದ ಮೌಲ್ಯದಲ್ಲಿ ಸುಮಾರು ಶೇಕಡ 86ರಷ್ಟು ಒಮ್ಮೆಗೇ ಕಾಗದವಾಯಿತು. ಅಂದು ಮೊಬೈಲು ಇದ್ದವನು ಪಾರಾದ. 2025ರ ಏಪ್ರಿಲ್ 28ರಂದು ಸ್ಪೇನ್ ಮತ್ತು ಪೋರ್ಚುಗಲ್ ದೇಶಗಳಲ್ಲಿ ವಿದ್ಯುತ್ ಹೋದಾಗ ಕಾರ್ಡು ಉಜ್ಜುವ ಯಂತ್ರಗಳು ನಿಂತು, ಜೇಬಿನಲ್ಲಿ ನೋಟು ಇದ್ದವನು ಪಾರಾದ. ನಗದನ್ನು ಬಹುಪಾಲು ಬಿಟ್ಟೇಬಿಟ್ಟಿರುವ ಸ್ವೀಡನ್ನಿನಲ್ಲಿ 2024ರಲ್ಲಿ ಸರಕಾರ ಮನೆಮನೆಗೆ ಹಂಚಿದ ಆಪತ್ಕಾಲದ ಕೈಪಿಡಿ, ಮನೆಯಲ್ಲಿ ಒಂದಿಷ್ಟು ನಗದು ಇಟ್ಟುಕೊಳ್ಳಿ ಎಂದು ಹೇಳುತ್ತದೆ. ಒಂದೇ ದಾರಿಯನ್ನು ನೆಚ್ಚಬಾರದೆಂಬುದೇ ಇವೆಲ್ಲದರ ಪಾಠ.

ಚಕ್ರ ತಿರುಗುತ್ತಿದ್ದರೆ

ಹಾಗಾದರೆ ಆ್ಯಪ್ ನಿಂತಾಗ ಮಾಡಬೇಕಾದದ್ದೇನು? ಹುಂಡಿಯ ಕಾಲದ ಎಚ್ಚರವೇ ಇಲ್ಲಿಯೂ ಮೊದಲನೆಯದು. ಹಿಂದಿನದು ಹೋಯಿತೋ ಇಲ್ಲವೋ ಎಂದು ತಿಳಿಯದೆ ಮತ್ತೊಮ್ಮೆ ಕೊಡಬಾರದು. ಆ್ಯಪಿನ ಚಕ್ರವನ್ನು ನೋಡುತ್ತ ಕೂರುವ ಬದಲು ಬ್ಯಾಂಕಿನಿಂದ ಬಂದ ಸಂದೇಶವನ್ನೋ ಖಾತೆಯ ಲೆಕ್ಕವನ್ನೋ ನೋಡಬೇಕು. ಹಣ ಕಳೆದಿಲ್ಲವಾದರೆ ಚಿಂತೆಯಿಲ್ಲ. ಬೇರೆ ಆ್ಯಪ್, ಕಾರ್ಡು ಅಥವಾ ನಗದು ಕೊಡಬಹುದು. ಬರಿಯ ಇಂಟರ್ನೆಟ್ ಇಲ್ಲದ ತೊಂದರೆಯಾದರೆ ಸಾದಾ ಮೊಬೈಲಿನಲ್ಲೂ ನಕ್ಷತ್ರ ಚಿಹ್ನೆ, 99, ಹ್ಯಾಶ್ ಒತ್ತಿ ಹಣ ಕಳುಹಿಸುವ ಅನುಕೂಲವಿದೆ. ನಿಗಮದ ವ್ಯವಸ್ಥೆಯೇ ಕುಂಟಿದ್ದರೆ ಮಾತ್ರ ಅದೂ ನಡೆಯದು.

ಹಣ ಕಳೆದಿದೆ, ಅಂಗಡಿಯವನಿಗೆ ತಲುಪಿಲ್ಲ ಎಂದಾದರೆ ಆ ವಹಿವಾಟಿನ ಹನ್ನೆರಡು ಅಂಕಿಗಳ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಮನಿಯಾರ್ಡರಿನ ರಶೀದಿಗೆ ಸಮನಾದದ್ದು ಇಂದು ನಮ್ಮ ಕೈಯಲ್ಲಿರುವುದು ಇದೊಂದೇ. 2019ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ಮಾಡಿದ ನಿಯಮದಂತೆ, ವ್ಯಕ್ತಿಯೊಬ್ಬರಿಗೆ ಕಳುಹಿಸಿದ ಹಣ ಅವರ ಖಾತೆಗೆ ಸೇರದಿದ್ದರೆ ಮರುದಿನದೊಳಗೆ, ಅಂಗಡಿಗೆ ಕೊಟ್ಟ ಹಣಕ್ಕೆ ಖಾತರಿ ಸಿಗದಿದ್ದರೆ ಐದು ದಿನದೊಳಗೆ ಅದು ತಾನಾಗಿ ಹಿಂದಿರುಗಬೇಕು. ಆ ಗಡುವು ಮೀರಿದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕು. ಅದನ್ನು ಗ್ರಾಹಕ ಕೇಳಿಕೊಳ್ಳಬೇಕಾಗಿಯೂ ಇಲ್ಲ. ನಡೆಯದ ಹುಂಡಿಗೆ ಕೊಡುತ್ತಿದ್ದ ನಷ್ಟಭರ್ತಿಯ ಮೊಮ್ಮಗನೇ ಈ ನಿಯಮ ಎನ್ನಬಹುದು. ಹಣ ಬಾರದಿದ್ದರೆ ಮೊದಲು ಆ್ಯಪಿನಲ್ಲೇ ದೂರು ಕೊಡಬೇಕು, ಆಮೇಲೆ ಬ್ಯಾಂಕಿಗೆ. ಅವರಿಂದ 30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಸಮಾಧಾನ ತರದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಬಳಿಗೆ ಹೋಗಬಹುದು. ಅದಕ್ಕೆ ಶುಲ್ಕವಿಲ್ಲ.

ಇನ್ನೊಂದು ಎಚ್ಚರ ಮುಖ್ಯ. ಗಾಬರಿಯಾದವನನ್ನು ಸುಲಿಯುವವರು ಎಲ್ಲ ಕಾಲದಲ್ಲೂ ಇದ್ದರು. 'ನಿಮ್ಮ ಹಣ ಹಿಂದಿರುಗಿಸುತ್ತೇವೆ, ಗುಪ್ತಸಂಖ್ಯೆ ಒತ್ತಿ' ಎಂದು ಯಾರಾದರೂ ಕರೆ ಮಾಡಿದರೆ ಅದು ಮೋಸ. ಹಣ ಪಡೆಯುವುದಕ್ಕೆ ಗುಪ್ತಸಂಖ್ಯೆ ಬೇಕಿಲ್ಲ. ಕೊಡುವುದಕ್ಕೆ ಮಾತ್ರ ಬೇಕು. ಸಹಾಯವಾಣಿಯ ಸಂಖ್ಯೆಯನ್ನು ಆ್ಯಪಿನೊಳಗೆ ಅಥವಾ ಪಾಸ್‌ಬುಕ್ಕಿನಲ್ಲಿ ನೋಡಿಕೊಳ್ಳಬೇಕೇ ಹೊರತು ಎಲ್ಲೆಂದರಲ್ಲಿ ಹುಡುಕಿ ಸಿಕ್ಕ ಸಂಖ್ಯೆಗೆ ಕರೆ ಮಾಡಬಾರದು. ಮೋಸ ಹೋದದ್ದು ತಿಳಿದೊಡನೆ 1930ಕ್ಕೆ ಕರೆ ಮಾಡಬೇಕು.

ಈ ನಿಯಮಗಳನ್ನು ತಿಳಿದವರೆಷ್ಟು ಮಂದಿ? ಖಾತೆಯಿಂದ ತೊಂಬತ್ತು ರೂಪಾಯಿ ಹೋಗಿ ತಲುಪದಿದ್ದರೆ ಯಾವ ಕಚೇರಿಯ ಬಾಗಿಲು ತಟ್ಟಬೇಕೆಂದು ಕಟ್ಟಡದ ಕೆಲಸದ ಹುಡುಗನಿಗೆ ಅವನ ಭಾಷೆಯಲ್ಲಿ ಹೇಳುವವರು ಯಾರು? ಮನಿಯಾರ್ಡರಿನ ಕಾಲದಲ್ಲಿ ಅಂಚೆಯವನ ಮುಖವೊಂದಿತ್ತು. ಇಂದಿನ ಐದು ಕೊಂಡಿಗಳ ಸರಪಳಿಯಲ್ಲಿ ಒಂದಕ್ಕೂ ಮುಖವಿಲ್ಲ. ಗುರುತಿದ್ದವರಿಗೆ ಉದ್ರಿ ಪುಸ್ತಕ ಎಂದಿಗೂ ಇದ್ದೇ ಇರುತ್ತದೆ. ನಿಯಮ ಬೇಕಾಗಿರುವುದು ಗುರುತಿಲ್ಲದವರಿಗೆ. ಅದು ಅವರಿಗೆ ತಿಳಿಯುವಂತಿರಬೇಕು.

ಮಂಗಳವಾರ ಮೆಸ್ಸಿಗೆ ಹೋದಾಗ ನನ್ನ ಬಾಕಿ ತೀರಿಸಿ, ಆ ಹುಡುಗ ಬಂದಿದ್ದನೇ ಎಂದು ವಿಚಾರಿಸಿದೆ. ಹಿಂದಿನ ದಿನ ಬಂದು ತೊಂಬತ್ತು ರೂಪಾಯಿ ನಗದು ಕೊಟ್ಟು ಹೋದನಂತೆ. ಹಿರಿಯರ ಹೆಸರಿನ ಮುಂದಿದ್ದ ಬಾಕಿಗೆ ಗೆರೆ ಎಳೆದಿತ್ತು. ಕೆಳಗೆ ಹೊಸದಾಗಿ ಒಂದು ಹೆಸರು, ಪಕ್ಕದಲ್ಲಿ ಮೊಬೈಲು ಸಂಖ್ಯೆ. "ಅವನ ಹೆಸರು ಕೇಳಿ ಬರ್ಕೊಂಡೆ. ಇನ್ನೊಂದ್ ಸಲ ಹಿಂಗಾದ್ರೆ ಚೀಲ ಇಡೋದು ಬೇಡ ಅಂದಿದೀನಿ" ಎಂದರು ಮಾಲೀಕರು.